ಹಾಡೋರ ಹಿಂದೆ ಕೂತ ಪಿಯಾನೋ: ಟಾಮಿ ಫ್ಲ್ಯಾನಗನ್ ಯಾರು, ಜಾಝ್‌ನಲ್ಲಿ ಸಾಥ್ ಕೊಡೋದು ಅಂದ್ರೆ ಏನು?

ಜಾಝ್ ಕೇಳೋ ಗೆಳೆಯರು ಯಾರಾದ್ರೂ ಇದ್ರೆ ನಿಮ್ಮ ಫೋನಿಗೂ ಒಂದಲ್ಲ ಒಂದು ಸಲ ಈ ಕ್ಲಿಪ್ ಬಂದಿರತ್ತೆ. 1959ರ ರೆಕಾರ್ಡಿಂಗು, ಟ್ಯೂನ್ ಹೆಸರು ಜೈಂಟ್ ಸ್ಟೆಪ್ಸ್. ಜಾನ್ ಕೋಲ್ಟ್ರೇನ್ ಸ್ಯಾಕ್ಸೊಫೋನಲ್ಲಿ ಉಸಿರು ಬಿಡೋಕೂ ಪುರುಸೊತ್ತಿಲ್ಲದ ಹಾಗೆ ಸುತ್ತಿನ ಮೇಲೆ ಸುತ್ತು ನುಡಿಸ್ಕೊಂಡು ಹೋಗ್ತಾರೆ, ಆಮೇಲೆ ಪಿಯಾನೋ ಸರದಿ ಬರತ್ತೆ, ಪಿಯಾನೋ ನಾಲ್ಕು ಹೆಜ್ಜೆ ಇಡತ್ತೆ, ನಿಲ್ಲತ್ತೆ, ಮತ್ತೆ ಶುರು ಮಾಡತ್ತೆ, ಮತ್ತೆ ನಿಲ್ಲತ್ತೆ. ಕ್ಲಿಪ್ ಕೆಳಗೆ ನಗೋ ಎಮೋಜಿಗಳು, "ಪಾಪ ಪಿಯಾನೋದವನು" ಅಂತ ಒಂದಿಷ್ಟು ಕಾಮೆಂಟು. ಜಾಝ್ ಗೊತ್ತಿಲ್ಲದವರಿಗೆ ಆ ಮನುಷ್ಯನ ಪರಿಚಯ ಅಷ್ಟರಲ್ಲೇ ಮುಗಿದುಹೋಗತ್ತೆ.

ಆದ್ರೆ ಆ ಪಿಯಾನೋದವರು ಟಾಮಿ ಫ್ಲ್ಯಾನಗನ್. ಎಲಾ ಫಿಟ್ಜೆರಾಲ್ಡ್ ಅಂತ ಅಮೆರಿಕದ ಮಹಾ ಗಾಯಕಿ ಇದ್ರಲ್ಲ, ಅವರು ಎರಡು ಕಂತಲ್ಲಿ ಹತ್ತು ಹನ್ನೆರಡು ವರ್ಷ ತಮ್ಮ ಹಿಂದೆ ಕೂರಿಸಿಕೊಂಡಿದ್ದು ಇವರನ್ನೇ. ಸಾನಿ ರಾಲಿನ್ಸ್, ಮೈಲ್ಸ್ ಡೇವಿಸ್, ಕೋಲ್ಮನ್ ಹಾಕಿನ್ಸ್, ವೆಸ್ ಮಾಂಟ್ಗೊಮರಿ, ಜಾಝ್‌ನ ಈ ದೊಡ್ಡ ವಾದಕರೆಲ್ಲರ ರೆಕಾರ್ಡ್‌ಗಳಲ್ಲೂ ಇದೇ ಹೆಸರು ಕಾಣತ್ತೆ. ಹಾಗಾದ್ರೆ ಎಲ್ಲರಿಗೂ ಬೇಕಾಗಿದ್ದ ಮನುಷ್ಯ ಆ ಒಂದು ಟ್ಯೂನಲ್ಲಿ ಯಾಕೆ ಎಡವಿದ್ರು? ಅದಕ್ಕಿಂತ ದೊಡ್ಡ ಪ್ರಶ್ನೆ, ಎಲ್ಲರಿಗೂ ಯಾಕೆ ಬೇಕಾಗಿದ್ರು? ಇದು ಅರ್ಥ ಆಗಬೇಕು ಅಂದ್ರೆ ಜಾಝ್‌ನಲ್ಲಿ ಸಾಥ್ ಕೊಡೋ ಕೆಲಸ ಏನು ಅನ್ನೋದನ್ನ ಬುಡದಿಂದ ನೋಡ್ಬೇಕು. ಸಂಗೀತ ಕಲಿತಿರಬೇಕು ಅಂತೇನಿಲ್ಲ, ಸರಿಗಮ ಗೊತ್ತಿದ್ರೆ ಸಾಕು.

ಮೊದಲು, ಜಾಝ್ ಹಾಡು ಹೇಗೆ ಓಡತ್ತೆ

ಜಾಝ್ ಅಮೆರಿಕದ ಕಪ್ಪು ಜನರ ಮಧ್ಯೆ, ನ್ಯೂ ಆರ್ಲಿಯನ್ಸ್ ಕಡೆ, ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬೆಳೆದ ಸಂಗೀತ. ಅದರ ಇತಿಹಾಸ ಇಲ್ಲಿ ಬೇಡ, ಹಾಡಿನ ಒಳಗಿನ ಚೌಕಟ್ಟು ಗೊತ್ತಾದ್ರೆ ಸಾಕು.

ಹೆಚ್ಚಿನ ಟ್ಯೂನ್‌ಗಳು 32 ಬಾರ್ ಉದ್ದ ಇರ್ತವೆ. ಬಾರ್ ಅಂದ್ರೆ ನಾಲ್ಕು ಎಣಿಕೆಯ ಒಂದು ತುಂಡು, ನಮ್ಮ ತಾಳದ ಆವರ್ತನದ ಹಾಗೆ, ಆದ್ರೆ ಚಿಕ್ಕದು. ಈ 32 ಬಾರ್ ಮುಗಿದ್ರೆ ಒಂದು ಸುತ್ತು, ಅದನ್ನ ಕೋರಸ್ ಅಂತಾರೆ. ಮೊದಲ ಸುತ್ತಲ್ಲಿ ಹಾಡನ್ನ ಇದ್ದ ಹಾಗೆ ನುಡಿಸ್ತಾರೆ ಅಥವಾ ಹಾಡ್ತಾರೆ, ಆಮೇಲಿನ ಸುತ್ತುಗಳಲ್ಲಿ ಒಬ್ಬೊಬ್ಬರಾಗಿ ಅದೇ ಚೌಕಟ್ಟಿನ ಮೇಲೆ ಆ ಕ್ಷಣಕ್ಕೆ ಹೊಳೆದಿದ್ದನ್ನ ನುಡಿಸ್ತಾರೆ, ಇದೇ ಇಂಪ್ರೊವೈಸೇಷನ್ನು, ನಮ್ಮಲ್ಲಿ ಮನೋಧರ್ಮ ಅಂತೀವಲ್ಲ ಅದರ ದೂರದ ನೆಂಟ. ಕೊನೇಲಿ ಮತ್ತೆ ಮೂಲ ಹಾಡಿಗೆ ಬಂದು ಮುಗಿಸ್ತಾರೆ.

ಆ ಚೌಕಟ್ಟು ಯಾವುದರಿಂದ ಆಗಿರತ್ತೆ ಅಂದ್ರೆ ಕಾರ್ಡ್‌ಗಳಿಂದ. ಮೂರೋ ನಾಲ್ಕೋ ಸ್ವರ ಒಟ್ಟಿಗೆ ಒತ್ತಿದ್ರೆ ಅದು ಒಂದು ಕಾರ್ಡ್. ಸ, ಗ, ಪ, ನಿ ಒಟ್ಟಿಗೆ ಹಾರ್ಮೋನಿಯಂನಲ್ಲಿ ಒತ್ತಿ ನೋಡಿ, ಅದೇ. ನಮ್ಮ ಸಂಗೀತದಲ್ಲಿ ಕಚೇರಿ ಪೂರ್ತಿ ತಂಬೂರಿ ಒಂದೇ ಸ-ಪ ಹಿಡ್ಕೊಂಡು ಕೂತಿರತ್ತೆ, ಅದರ ಮೇಲೆ ರಾಗ ಓಡಾಡತ್ತೆ. ಜಾಝ್‌ನಲ್ಲಿ ಕೆಳಗಿನ ನೆಲವೇ ಓಡಾಡತ್ತೆ. ಒಂದು ಬಾರ್‌ಗೆ ಒಂದು ಕಾರ್ಡ್, ಕೆಲವು ಸಲ ಎರಡು. ಮೇಲೆ ಹಾಡೋರು ಒಂದೇ ಸ್ವರ ಹಿಡಿದು ನಿಂತ್ರೂ ಕೆಳಗೆ ಕಾರ್ಡ್ ಬದಲಾದ ತಕ್ಷಣ ಆ ಸ್ವರದ ಬಣ್ಣ ಬದಲಾಗತ್ತೆ.

ಈ ನೆಲ ಹಾಕಿಕೊಡೋರು ಮೂರು ಜನ: ಪಿಯಾನೋ, ಬೇಸ್ (ತಗ್ಗಿನ ಸ್ವರಗಳ ದೊಡ್ಡ ತಂತಿವಾದ್ಯ), ಡ್ರಮ್ಸ್. ಒಟ್ಟಿಗೆ ರಿದಮ್ ಸೆಕ್ಷನ್ ಅಂತ ಕರೀತಾರೆ. ಫ್ಲ್ಯಾನಗನ್ ಜೀವನದ ದೊಡ್ಡ ಪಾಲು ಕಳೆದಿದ್ದು ಇಲ್ಲೇ.

ಪಿಯಾನೋದವರು ಹಿಂದೆ ಕೂತು ಏನ್ ಮಾಡ್ತಾರೆ

ಕಚೇರಿಲಿ ಪಿಟೀಲಿನವರು ಗಾಯಕರ ಆಲಾಪನೆಯನ್ನ ನೆರಳಿನ ಹಾಗೆ ಹಿಂಬಾಲಿಸಿಕೊಂಡು ಬಂದು, ಅವರು ಬಿಟ್ಟಾಗ ತಾವು ನುಡಿಸ್ತಾರಲ್ಲ, ಜಾಝ್ ಪಿಯಾನೋದವರ ಕೆಲಸಾನೂ ಪಕ್ಕವಾದ್ಯವೇ, ಆದ್ರೆ ಒಂದು ವಿಷಯದಲ್ಲಿ ಪೂರ್ತಿ ಉಲ್ಟಾ. ಇಲ್ಲಿ ಹಾಡೋರ ಸ್ವರವನ್ನೇ ಹಿಂದಿನಿಂದ ನುಡಿಸಿದ್ರೆ ಅದು ಹೆಚ್ಚಿನ ಸಲ ತಪ್ಪು ಅಂತಲೇ ಲೆಕ್ಕ, ಯಾಕಂದ್ರೆ ಗಾಯಕಿ ಸಾಲನ್ನ ಒಂಚೂರು ತಡವಾಗಿ, ಒಂಚೂರು ಎಳೆದು ಹಾಡೋಣ ಅನ್ನೋವಾಗ ಪಿಯಾನೋ ಅದೇ ಸಾಲನ್ನ ಕರೆಕ್ಟ್ ಟೈಮಿಗೆ ಹೊಡೆದ್ರೆ ಅವರ ಕೈಕಾಲು ಕಟ್ಟಿಹಾಕಿದ ಹಾಗೆ. ಹಾಗಾಗಿ ಪಿಯಾನೋದವರು ಕಾರ್ಡ್‌ಗಳನ್ನ ಮಾತ್ರ ಬಿಟ್ಟು ಬಿಟ್ಟು, ತಾಳದ ಸಂದಿಗಳಲ್ಲಿ ಇಡ್ತಾ ಹೋಗ್ತಾರೆ. ಇದಕ್ಕೆ ಕಂಪಿಂಗ್ ಅಂತ ಹೆಸರು.

ಎಲ್ಲಿ ಇಡಬೇಕು, ಎಷ್ಟು ಜೋರಾಗಿ, ಎಷ್ಟು ಸ್ವರ, ಯಾವಾಗ ಸುಮ್ಮನಿರಬೇಕು ಅಂತ ಯಾರೂ ಬರೆದು ಕೊಟ್ಟಿರಲ್ಲ. ಕಾಗದದ ಮೇಲೆ ಕಾರ್ಡ್ ಹೆಸರು ಇರತ್ತೆ ಅಷ್ಟೇ, ಬಾಕಿಯೆಲ್ಲ ಆ ಹೊತ್ತಿನ ತೀರ್ಮಾನ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಕಾರ್ಡು ಸ-ಗ-ಪ-ನಿ ಅಂತ ಇಟ್ಕೊಳ್ಳಿ. ಬೇಸ್ ನುಡಿಸೋರು ಹೇಗೂ ಸ ಹಿಡೀತಾರೆ. ಪ ಇದ್ರೂ ಇಲ್ಲದಿದ್ರೂ ಕಿವಿಗೆ ಅಂಥಾ ವ್ಯತ್ಯಾಸ ಗೊತ್ತಾಗಲ್ಲ. ಹಾಗಾಗಿ ನುರಿತ ಪಿಯಾನೋದವರು ಸ ಮತ್ತು ಪ ಎರಡನ್ನೂ ಕೈಬಿಟ್ಟು ಬರೀ ಗ, ನಿ ಎರಡೇ ಒತ್ತಬಹುದು. ಆ ಎರಡೇ ಸ್ವರ ಕಾರ್ಡಿನ ಗುಟ್ಟನ್ನೆಲ್ಲ ಹೇಳ್ತವೆ, ಗ ಕೋಮಲ ಆದ್ರೆ ಒಂದು ಭಾವ, ಶುದ್ಧ ಆದ್ರೆ ಇನ್ನೊಂದು, ನಿ ಕೋಮಲ ಆದ್ರೆ ಕಾರ್ಡು ಮುಂದಕ್ಕೆ ಹೋಗೋಕೆ ತುದಿಗಾಲಲ್ಲಿ ನಿಂತಿರೋ ಹಾಗೆ ಕೇಳ್ಸತ್ತೆ. ಇನ್ನೊಂದು ಚಂದ ಇದೆ. ಜಾಝ್‌ನಲ್ಲಿ ಪದೇ ಪದೇ ಬರೋ ಒಂದು ದಾರಿ ಅಂದ್ರೆ ರಿ ಮೇಲೆ ಕಟ್ಟಿದ ಕಾರ್ಡಿಂದ ಪ ಮೇಲೆ ಕಟ್ಟಿದ ಕಾರ್ಡಿಗೆ ಹೋಗೋದು. ಮೊದಲನೇದರ ಮುಖ್ಯ ಸ್ವರಗಳು ಮ ಮತ್ತು ಸ, ಎರಡನೇದರದ್ದು ನಿ ಮತ್ತು ಮ. ಅಂದ್ರೆ ಮ ಒತ್ತಿದ ಬೆರಳು ಅಲ್ಲೇ ಇರತ್ತೆ, ಸ ಮೇಲಿದ್ದ ಬೆರಳು ಪಕ್ಕದ ಕೀಗೆ ಜಾರಿದ್ರೆ ಆಯ್ತು, ನಿ ಬಂತು. ಇಡೀ ನೆಲ ಬದಲಾಯ್ತು, ಕೈ ಮಾತ್ರ ಅಲುಗಾಡಿದ ಹಾಗೇ ಇಲ್ಲ. ಈ ಥರ ಸ್ವರಗಳನ್ನ ಆರಿಸಿ ಜೋಡಿಸೋದಕ್ಕೆ ವಾಯ್ಸಿಂಗ್ ಅಂತಾರೆ. ಫ್ಲ್ಯಾನಗನ್ ನುಡಿಸಾಣಿಕೆ ಬಗ್ಗೆ ಬರೆಯೋರೆಲ್ಲ "ನಯ", "ಸೊಗಸು" ಅಂತಾರಲ್ಲ, ಅದರ ಅರ್ಧ ಪಾಲು ಇದೇ ಕಸುಬು.

ಗಾಯಕಿಗೆ ಸಾಥ್ ಕೊಡೋವಾಗ ಕೆಲಸ ಇನ್ನೂ ಜಾಸ್ತಿ. ತಂಬೂರಿ ಇಲ್ಲ, ಹಾಗಾಗಿ ಹಾಡು ಶುರುವಾಗೋ ಮೊದಲು ಪಿಯಾನೋ ನುಡಿಸೋ ನಾಲ್ಕೋ ಎಂಟೋ ಬಾರ್‌ನ ಇಂಟ್ರೋನೇ ಗಾಯಕಿಗೆ ಶ್ರುತಿ, ಅದೇ ವೇಗ, ಅದೇ ಮೂಡು. ಅಲ್ಲಿ ಎಡವಟ್ಟಾದ್ರೆ ಗಾಯಕಿ ಮೊದಲ ಸಾಲಲ್ಲೇ ಜನರ ಮುಂದೆ ಸಿಕ್ಕಿಹಾಕ್ಕೊಳ್ತಾರೆ. ಸಾಲು ಮುಗಿಸಿ ಉಸಿರು ತಗೊಳೋ ಜಾಗದಲ್ಲಿ ಪಿಯಾನೋ ಒಂದು ಪುಟ್ಟ ಮಾತು ಸೇರಿಸ್ಬೇಕು, ಅದು ಮುಂದಿನ ಸಾಲಿನ ಮೇಲೆ ಹತ್ತಿ ಕೂರಬಾರದು. ಕೊನೇಲಿ ಗಾಯಕಿ ನಿಧಾನ ಮಾಡ್ತಾರಾ, ಇನ್ನೊಂದು ಸಲ ಸಾಲು ಎತ್ತಿಕೊಳ್ತಾರಾ ಅಂತ ಬೆನ್ನು ನೋಡಿಯೇ ಊಹೆ ಮಾಡ್ಬೇಕು.

ಡೆಟ್ರಾಯ್ಟ್‌ನ ಹುಡುಗ

ಫ್ಲ್ಯಾನಗನ್ ಹುಟ್ಟಿದ್ದು 1930ರ ಮಾರ್ಚ್ 16, ಕಾರು ಫ್ಯಾಕ್ಟರಿಗಳ ಊರು ಡೆಟ್ರಾಯ್ಟ್‌ನಲ್ಲಿ. ಆರು ಮಕ್ಕಳಲ್ಲಿ ಕೊನೆಯವರು. ಅಪ್ಪ ಪೋಸ್ಟ್‌ಮ್ಯಾನ್, ಅಪ್ಪ ಅಮ್ಮ ಇಬ್ಬರೂ ಮೂಲತಃ ದಕ್ಷಿಣದ ಜಾರ್ಜಿಯಾ ಕಡೆಯವರು. ದಕ್ಷಿಣದ ಬಡತನ, ವರ್ಣಭೇದ ಬಿಟ್ಟು ಕೆಲಸ ಹುಡುಕ್ಕೊಂಡು ಉತ್ತರದ ಊರುಗಳಿಗೆ ಬಂದ ಲಕ್ಷಾಂತರ ಕಪ್ಪು ಕುಟುಂಬಗಳಿಂದಲೇ ಡೆಟ್ರಾಯ್ಟ್ ಸಂಗೀತದ ಊರಾಗಿದ್ದು. ಆರನೇ ವಯಸ್ಸಲ್ಲಿ ಕ್ರಿಸ್ಮಸ್‌ಗೆ ಕ್ಲಾರಿನೆಟ್ ಸಿಕ್ತು, ಆದ್ರೆ ಮನೇಲಿದ್ದ ಪಿಯಾನೋ ಕಡೆ ಮನಸ್ಸು ಹೋಯ್ತು, ಅಣ್ಣ ಆಗಲೇ ಪಿಯಾನೋ ನುಡಿಸ್ತಿದ್ರು. ಗ್ಲಾಡಿಸ್ ಡಿಲ್ಲಾರ್ಡ್ ಅನ್ನೋ ಟೀಚರ್ ಹತ್ರ ಕ್ಲಾಸಿಕಲ್ ಪಾಠ, ಹೊರಗೆ ರೇಡಿಯೋ, ರೆಕಾರ್ಡ್‌ಗಳಲ್ಲಿ ಪಿಯಾನೋ ವಾದಕರಾದ ಆರ್ಟ್ ಟೇಟಮ್, ಟೆಡ್ಡಿ ವಿಲ್ಸನ್, ಆಮೇಲೆ ಬಡ್ ಪವೆಲ್.

ಈ ಮೂರು ಹೆಸರು ಸುಮ್ಮನೆ ಬರಲಿಲ್ಲ. ಟೇಟಮ್ ಅಂದ್ರೆ ಎರಡು ಕೈಯಲ್ಲಿ ನಾಲ್ಕು ಕೈ ಕೆಲಸ ಮಾಡೋ ಮಾಂತ್ರಿಕ. ವಿಲ್ಸನ್ ಅಂದ್ರೆ ಅಚ್ಚುಕಟ್ಟು, ಬಿಲ್ಲಿ ಹಾಲಿಡೇ ಹಿಂದೆ 1930ರ ದಶಕದಲ್ಲಿ ನುಡಿಸಿದವರು, ಗಾಯಕಿ ಹಿಂದೆ ಎಷ್ಟು ನುಡಿಸಬೇಕು ಅನ್ನೋದರ ಪಾಠಪುಸ್ತಕ ಅಂದ್ರೂ ತಪ್ಪಿಲ್ಲ. ಪವೆಲ್ ಅಂದ್ರೆ ಬೀಬಾಪ್, 1940ರ ದಶಕದಲ್ಲಿ ಬಂದ ವೇಗದ, ತಿರುವು ಮುರುವಿನ ಹೊಸ ಜಾಝ್. ಫ್ಲ್ಯಾನಗನ್ ಕೈಯಲ್ಲಿ ಈ ಮೂರೂ ಕೂಡಿದ್ವು, ಆದ್ರೆ ಮೇಲೆ ತೇಲೋದು ವಿಲ್ಸನ್ ಥರದ ಸೌಮ್ಯ ಗುಣ.

ಹೈಸ್ಕೂಲಲ್ಲಿ ಇದ್ದಾಗಲೇ ಬಾರ್‌ಗಳಲ್ಲಿ ನುಡಿಸೋಕೆ ಶುರು. ವಯಸ್ಸು ಸಾಲದು ಅಂತ ಬಿಡುವಿನ ಹೊತ್ತಲ್ಲಿ ಬಾರಿನೊಳಗೆ ಕೂರಂಗಿರ್ಲಿಲ್ಲ, ಪಕ್ಕದ ರೂಮಿಗೆ ಹೋಗಿ ಹೋಂವರ್ಕ್ ಮಾಡ್ಕೊಂಡು ಮತ್ತೆ ಬಂದು ಕೂರ್ತಿದ್ರು. ಆಮೇಲೆ ಬ್ಲೂ ಬರ್ಡ್ ಇನ್ ಅನ್ನೋ ಕ್ಲಬ್ಬಿನ ಬ್ಯಾಂಡು, ಅಲ್ಲಿ ಟ್ರಂಪೆಟ್‌ಗೆ ಥ್ಯಾಡ್ ಜೋನ್ಸ್, ಡ್ರಮ್ಸ್‌ಗೆ ಅವರ ತಮ್ಮ ಎಲ್ವಿನ್ ಜೋನ್ಸ್. ಈ ಜೋನ್ಸ್ ಅಣ್ಣತಮ್ಮಂದಿರ ದೊಡ್ಡಣ್ಣ ಹ್ಯಾಂಕ್ ಜೋನ್ಸ್ ಕೂಡ ಪಿಯಾನೋ ವಾದಕರೇ, ಫ್ಲ್ಯಾನಗನ್‌ಗಿಂತ ಮೊದಲೇ ಎಲಾ ಹಿಂದೆ ಕೂತವರು. 1962ರಲ್ಲಿ ಮರ್ಲಿನ್ ಮನ್ರೋ ಅಧ್ಯಕ್ಷ ಕೆನಡಿಗೆ ಹ್ಯಾಪಿ ಬರ್ತ್‌ಡೇ ಹಾಡಿದ್ದು ಎಲ್ಲರಿಗೂ ನೆನಪಿದೆ ನೋಡಿ, ಆವತ್ತು ಪಿಯಾನೋ ಇದೇ ಹ್ಯಾಂಕ್ ಜೋನ್ಸ್‌ದು. ಯಾರಿಗೆ ಗೊತ್ತು ಹೇಳಿ! ಸಾಥಿದಾರರ ಪಾಡೇ ಅಷ್ಟು.

ಮಧ್ಯೆ 1951ರಲ್ಲಿ ಸೇನೆಗೆ ಕಡ್ಡಾಯ ಭರ್ತಿ. ಕೊರಿಯಾ ಯುದ್ಧದ ಕಾಲ, ಇವರನ್ನ ಅಲ್ಲಿನ ಕುನ್ಸಾನ್‌ಗೆ ಕಳಿಸಿದ್ರು, ಕೆಲಸ ಸಿನಿಮಾ ಪ್ರೊಜೆಕ್ಟರ್ ಓಡಿಸೋದು. ಎರಡು ವರ್ಷ ಆದ್ಮೇಲೆ ವಾಪಸ್ ಡೆಟ್ರಾಯ್ಟ್.

1956, ನ್ಯೂಯಾರ್ಕ್

1956ರಲ್ಲಿ ಗಿಟಾರ್ ವಾದಕ ಕೆನ್ನಿ ಬರೆಲ್ ಜೊತೆ ನ್ಯೂಯಾರ್ಕ್‌ಗೆ ಬಂದ್ರು. ಆ ಒಂದು ವರ್ಷ ನೋಡಿದ್ರೆ ತಲೆ ತಿರುಗತ್ತೆ. ಬಂದ ಸ್ವಲ್ಪ ದಿನಕ್ಕೇ ಬರ್ಡ್‌ಲ್ಯಾಂಡ್ ಕ್ಲಬ್ಬಲ್ಲಿ ಬಡ್ ಪವೆಲ್ ಬದಲಿಗೆ ಕೂತ್ರು. ಮಾರ್ಚ್ 16ಕ್ಕೆ, ಅಂದ್ರೆ ತಮ್ಮ 26ನೇ ಹುಟ್ಟುಹಬ್ಬದ ದಿನವೇ, ಮೈಲ್ಸ್ ಡೇವಿಸ್ ಜೊತೆ ರೆಕಾರ್ಡಿಂಗು. ಜೂನ್ 22ಕ್ಕೆ ಸಾನಿ ರಾಲಿನ್ಸ್‌ರ ಸ್ಯಾಕ್ಸೊಫೋನ್ ಕೊಲೊಸಸ್, ಇವತ್ತಿಗೂ ಜಾಝ್‌ನ ದೊಡ್ಡ ಆಲ್ಬಂಗಳ ಯಾವ ಪಟ್ಟಿ ಮಾಡಿದ್ರೂ ಅದು ಇರತ್ತೆ. ಅದನ್ನ ಮಾಡಿದ್ದು ನ್ಯೂಜೆರ್ಸಿಯಲ್ಲಿ ರೂಡಿ ವಾನ್ ಗೆಲ್ಡರ್ ಅನ್ನೋ ಸೌಂಡ್ ಇಂಜಿನಿಯರ್ ಮನೆಯ ಹಾಲ್‌ನಲ್ಲಿ, ಡ್ರಮ್ಸ್ ಮ್ಯಾಕ್ಸ್ ರೋಚ್, ಬೇಸ್ ಇನ್ನೊಬ್ಬ ಡೆಟ್ರಾಯ್ಟ್‌ನವರು ಡಗ್ ವಾಟ್ಕಿನ್ಸ್. ಅದರ ಮುಂದಿನ ತಿಂಗಳು ಎಲಾ ಫಿಟ್ಜೆರಾಲ್ಡ್ ಜೊತೆ ಮೊದಲ ಸಲ ನುಡಿಸಿದ್ರು, ಆದ್ರೆ ಆ ಕಥೆ ಆಮೇಲೆ.

ಆಮೇಲೆ ಟ್ರಾಂಬೋನ್ ವಾದಕ ಜೆ.ಜೆ. ಜಾನ್ಸನ್ ತಂಡ. ಆ ತಂಡದ ಜೊತೆ ಯುರೋಪ್ ಪ್ರವಾಸದಲ್ಲಿದ್ದಾಗ 1957ರ ಆಗಸ್ಟಲ್ಲಿ ಸ್ಟಾಕ್‌ಹೋಂನಲ್ಲಿ ಬೇಸ್‌ಗೆ ವಿಲ್ಬರ್ ಲಿಟಲ್, ಡ್ರಮ್ಸ್‌ಗೆ ಎಲ್ವಿನ್ ಜೋನ್ಸ್ ಇಟ್ಕೊಂಡು ಓವರ್‌ಸೀಸ್ ಅಂತ ಒಂದು ಟ್ರಯೋ ಆಲ್ಬಂ ಮಾಡಿದ್ರು. ಟ್ರಯೋ ಅಂದ್ರೆ ಪಿಯಾನೋನೇ ನಾಯಕ, ಮುಂದೆ ಯಾರೂ ಇಲ್ಲ. ಆಗ ವಯಸ್ಸು 27. ಇದನ್ನ ಕೇಳಿದ್ರೆ ಈ ಮನುಷ್ಯನಿಗೆ ಮುಂದೆ ನಿಲ್ಲೋಕೆ ಬರ್ತಿರ್ಲಿಲ್ಲ ಅಂತ ಯಾರೂ ಹೇಳೋಕಾಗಲ್ಲ.

ಜೈಂಟ್ ಸ್ಟೆಪ್ಸ್‌ನಲ್ಲಿ ಆಗಿದ್ದೇನು

ಈಗ ಆ ಕ್ಲಿಪ್ಪಿನ ವಿಷಯ. 1959ರ ಮೇ ಮೊದಲ ವಾರ, ಅಟ್ಲಾಂಟಿಕ್ ಕಂಪನಿಗೆ ಕೋಲ್ಟ್ರೇನ್ ರೆಕಾರ್ಡಿಂಗು. ಬೇಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಆರ್ಟ್ ಟೇಲರ್, ಪಿಯಾನೋ ಫ್ಲ್ಯಾನಗನ್.

ಈ ಟ್ಯೂನು 32 ಅಲ್ಲ, 16 ಬಾರ್ ಅಷ್ಟೇ. ಆದ್ರೆ ಆ 16 ಬಾರಲ್ಲಿ 26 ಕಾರ್ಡು. ವೇಗ ನಿಮಿಷಕ್ಕೆ 280 ಎಣಿಕೆಗೂ ಮೇಲೆ, ಅಂದ್ರೆ ಒಂದು ಪೂರ್ತಿ ಸುತ್ತು ಸುಮಾರು 13-14 ಸೆಕೆಂಡಲ್ಲಿ ಮುಗೀತು, ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಕಾರ್ಡು. ಅದಾದ್ರೂ ಪರವಾಗಿಲ್ಲ, ವೇಗದ ಟ್ಯೂನ್‌ಗಳು ಬೀಬಾಪ್‌ನವರಿಗೆ ಹೊಸದಲ್ಲ. ಕಷ್ಟ ಇರೋದು ಶ್ರುತಿಯಲ್ಲಿ. ಹಾರ್ಮೋನಿಯಂನಲ್ಲಿ ಯಾವ ಕೀಯನ್ನ ಸ ಅಂತ ಇಟ್ಕೊಳ್ತೀವಿ ಅನ್ನೋದನ್ನ ಮನೆ ಅಂತೀವಲ್ಲ, ಆ ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಹಾಡು ಏಳು ಮನೆ ಶ್ರುತಿಯಲ್ಲಿ ಶುರುವಾಗತ್ತೆ, ಮುಂದಿನ ಬಾರಿಗೆ ಐದು ಮನೆಗೆ ಹಾರತ್ತೆ, ಅದರ ಮುಂದಿನದಕ್ಕೆ ಎರಡೂವರೆ ಮನೆಗೆ. ಶುರುವಾಗಿ ಮೂರು ಸೆಕೆಂಡ್ ಆಗೋದ್ರೊಳಗೆ ಮೂರು ಶ್ರುತಿ! ಆಮೇಲೂ ನಿಲ್ಲಲ್ಲ, ಈ ಮೂರರ ಮಧ್ಯೆನೇ ಗಿರಗಿರ ಸುತ್ತತ್ತೆ. ಒಂದು ಶ್ರುತಿಗೆ ಕೈ ಹೊಂದಿಸ್ಕೊಳ್ಳೋದ್ರೊಳಗೆ ಅದು ಕೈಬಿಟ್ಟು ಹೋಗಿರತ್ತೆ, ಮತ್ತೆ ಆ ಮೂರು ಶ್ರುತಿಗಳ ಸ್ವರಗಳು ಒಂದಕ್ಕೊಂದು ಅಷ್ಟಾಗಿ ಹೊಂದೋದೂ ಇಲ್ಲ, ಹಾಗಾಗಿ ಹಳೇ ಅಭ್ಯಾಸದ ಓಟಗಳು ಯಾವುವೂ ಇಲ್ಲಿ ಕೆಲಸಕ್ಕೆ ಬರಲ್ಲ.

ಕೋಲ್ಟ್ರೇನ್ ಈ ದಾರಿಯನ್ನ ಕಂಡುಹಿಡಿದು ತಮ್ಮ ಪಾಡಿಗೆ ತಾವು ತಿಂಗಳುಗಟ್ಟಲೆ ಸಾಧನೆ ಮಾಡಿದ್ರು. ಫ್ಲ್ಯಾನಗನ್ ಮುಂದೆ ನೆನಪಿಸಿಕೊಂಡಿದ್ದರ ಪ್ರಕಾರ, ಕೋಲ್ಟ್ರೇನ್ ಮೊದಲೇ ಅವರ ಮನೆಗೆ ಬಂದು ಕಾರ್ಡ್‌ಗಳನ್ನ ತೋರಿಸಿದ್ರಂತೆ, ಇವರು ಅದನ್ನ ನಿಧಾನದ ಹಾಡು ಅಂದ್ಕೊಂಡು ನಿಧಾನವಾಗೇ ನೋಡ್ಕೊಂಡಿದ್ರಂತೆ. ಸ್ಟುಡಿಯೋಗೆ ಹೋದಾಗ ವೇಗ ಕೇಳಿ ಏನಾಗಿರಬೇಡ.

ಈಗ ಅದೇ ರೆಕಾರ್ಡನ್ನ ಇನ್ನೊಂದು ಸಲ ಕೇಳಿ, ಆದ್ರೆ ಪಿಯಾನೋ ಸೋಲೋ (ಅಂದ್ರೆ ಪಿಯಾನೋ ತಾನೇ ಮುಂದೆ ಬಂದು ನುಡಿಸೋ ಸರದಿ) ಬಿಟ್ಟು, ಕೋಲ್ಟ್ರೇನ್ ನುಡಿಸೋವಾಗ ಹಿಂದೆ ಪಿಯಾನೋ ಏನ್ ಮಾಡ್ತಿದೆ ಅಂತ. ಕಾರ್ಡ್‌ಗಳು ಜಾಗಕ್ಕೆ ಸರಿಯಾಗಿ, ಹಗುರವಾಗಿ ಬೀಳ್ತಾ ಇವೆ, ನೆಲ ಎಲ್ಲೂ ಕುಸಿದಿಲ್ಲ. ಸಾಥ್ ಕೊಡೋ ಕೆಲಸ ಪೂರ್ತಿ ಆಗಿದೆ. ಎಡವಿದ್ದು ತಮ್ಮದೇ ಸರದಿ ಬಂದಾಗ, ಅಲ್ಲೂ ಗಮನಿಸಿ, ಮೊದಲು ಬಿಡಿ ಸ್ವರಗಳ ಓಟಕ್ಕೆ ಕೈ ಹಾಕ್ತಾರೆ, ಅದು ನಡೆಯಲ್ಲ ಅಂತ ಗೊತ್ತಾದ್ಮೇಲೆ ಕೊನೆ ಕೊನೆಗೆ ಓಟ ಬಿಟ್ಟು ಬರೀ ಕಾರ್ಡ್‌ಗಳನ್ನ ಇಡ್ತಾ ಹೋಗ್ತಾರೆ. ಅಂದ್ರೆ ಕಷ್ಟ ಬಂದಾಗ ಕೈ ತಾನಾಗೇ ಗೊತ್ತಿರೋ ಕಸುಬಿಗೆ ವಾಪಸ್ ಹೋಯ್ತು. ಇನ್ನೊಂದು ಮಾತು, ಈ ರೆಕಾರ್ಡಿಂಗಿಗೆ ಕೆಲವು ವಾರ ಮೊದಲು ಕೋಲ್ಟ್ರೇನ್ ಇದೇ ಟ್ಯೂನನ್ನ ಸೀಡರ್ ವಾಲ್ಟನ್ ಅನ್ನೋ ಇನ್ನೊಬ್ಬ ಒಳ್ಳೇ ಪಿಯಾನಿಸ್ಟ್ ಜೊತೆ ಟ್ರೈ ಮಾಡಿದ್ರು, ಆ ಟೇಕ್‌ಗಳಲ್ಲಿ ವಾಲ್ಟನ್ ಸೋಲೋನೇ ನುಡಿಸಿಲ್ಲ. ನಗೋರು ಇದನ್ನೂ ಲೆಕ್ಕಕ್ಕೆ ತಗೊಳ್ಳೋದು ನ್ಯಾಯ ಅನ್ಸತ್ತೆ.

ಎಲಾ ಜೊತೆ

1963ರಿಂದ 65ರವರೆಗೆ ಒಂದು ಕಂತು, ಮಧ್ಯೆ 66ರಲ್ಲಿ ಸ್ವಲ್ಪ ಕಾಲ ಗಾಯಕ ಟೋನಿ ಬೆನೆಟ್ ಹತ್ರ, ಮತ್ತೆ 1968ರಿಂದ 78ರವರೆಗೆ ಎಲಾ. ಎರಡನೇ ಕಂತಲ್ಲಿ ಬರೀ ಪಿಯಾನೋ ಅಲ್ಲ, ಮ್ಯೂಸಿಕ್ ಡೈರೆಕ್ಟರ್ ಜವಾಬ್ದಾರಿನೂ ಇತ್ತು. ನಮ್ಮಲ್ಲಿ ಮ್ಯೂಸಿಕ್ ಡೈರೆಕ್ಟರ್ ಅಂದ್ರೆ ಸಿನಿಮಾಕ್ಕೆ ರಾಗ ಹಾಕೋರು, ಇಲ್ಲಿ ಹಾಗಲ್ಲ, ಗಾಯಕಿಯ ಹಾಡುಗಳು ಯಾವ ಶ್ರುತಿಯಲ್ಲಿ, ಯಾವ ವೇಗದಲ್ಲಿ, ಯಾವ ಕ್ರಮದಲ್ಲಿ ಅಂತ ನೋಡ್ಕೊಳ್ಳೋದು, ಬ್ಯಾಂಡನ್ನ ಸಂಭಾಳಿಸೋದು, ಊರೂರಿಗೆ ಹೋದಾಗ ಆರ್ಕೆಸ್ಟ್ರಾದವರಿದ್ರೆ ಅವರನ್ನ ಹೊಂದಿಸೋದು.

ಎಲಾ 1917ರಲ್ಲಿ ಹುಟ್ಟಿದವರು, ಫ್ಲ್ಯಾನಗನ್‌ಗಿಂತ 13 ವರ್ಷ ದೊಡ್ಡವರು, ಇವರು ಬರೋ ಹೊತ್ತಿಗೆ ಜಗತ್ತೇ ಬಲ್ಲ ಹೆಸರು. ಅವರ ಒಂದು ವಿಶೇಷ ಸ್ಕ್ಯಾಟ್, ಅಂದ್ರೆ ಸಾಹಿತ್ಯ ಬಿಟ್ಟು ಡೂಬಿ ಡೂಬಿ ಥರ ಅರ್ಥವಿಲ್ಲದ ಅಕ್ಷರಗಳಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಹಾಗೆ ಹಾಡೋದು. ಸ್ಕ್ಯಾಟ್ ಮಾಡ್ತಾ ಮಾಡ್ತಾ ನಡುವೆ ಬೇರೆ ಯಾವುದೋ ಹಾಡಿನ ಸಾಲು ನುಗ್ಗಿಸಿಬಿಡೋರು. ಹಿಂದೆ ಕೂತವರಿಗೆ ಅವರು ಎಲ್ಲಿದ್ದಾರೆ, ಸುತ್ತಿನ ಯಾವ ಬಾರಲ್ಲಿದ್ದಾರೆ ಅಂತ ಸದಾ ಗೊತ್ತಿರಬೇಕು.

ಇದರ ಒಂದು ಪುರಾವೆ ರೆಕಾರ್ಡಲ್ಲೇ ಉಳಿದಿದೆ. 1964ರ ಜುಲೈ, ದಕ್ಷಿಣ ಫ್ರಾನ್ಸ್‌ನ ಸಮುದ್ರದ ದಡ, ಜುವಾನ್ ಲೆ ಪ್ಯಾನ್ ಜಾಝ್ ಉತ್ಸವ, ಪೈನ್ ಮರಗಳ ಮಧ್ಯೆ ಬಯಲಲ್ಲಿ ಕಾರ್ಯಕ್ರಮ. ಮರಗಳಲ್ಲಿ ಜೀರುಂಡೆಗಳ ಕಿರಿಕಿರಿ ಮೈಕಿಗೂ ಸಿಗೋವಷ್ಟು ಜೋರು. ಬೇರೆಯವರಾಗಿದ್ರೆ ಮುಖ ಸಿಂಡರಿಸ್ಕೊಂಡು ಮುಂದಿನ ಹಾಡಿಗೆ ಹೋಗಿರೋರು, ಎಲಾ ಆ ಜೀರುಂಡೆಗಳ ಬಗ್ಗೆನೇ ಅಲ್ಲೇ ನಿಂತಲ್ಲೇ ಒಂದು ಪುಟ್ಟ ಹಾಡು ಕಟ್ಟಿ ಹಾಡಿಬಿಟ್ರು. ಬರೆದಿಟ್ಟ ಕಾಗದ ಇಲ್ಲ, ರಿಹರ್ಸಲ್ ಇಲ್ಲ. ಪಿಯಾನೋದಲ್ಲಿ ಫ್ಲ್ಯಾನಗನ್, ಜೊತೆಗೆ ಟ್ರಂಪೆಟ್‌ಗೆ ರಾಯ್ ಎಲ್ಡ್ರಿಜ್, ಬೇಸ್‌ಗೆ ಬಿಲ್ ಯಾನ್ಸಿ, ಡ್ರಮ್ಸ್‌ಗೆ ಗಸ್ ಜಾನ್ಸನ್. ಆ ತುಣುಕು ದಿ ಕ್ರಿಕೆಟ್ ಸಾಂಗ್ (ಇಲ್ಲಿ ಕ್ರಿಕೆಟ್ ಅಂದ್ರೆ ಆಟ ಅಲ್ಲ, ಜೀರುಂಡೆ) ಅಂತ ಎಲಾ ಅಟ್ ಜುವಾನ್ ಲೆ ಪ್ಯಾನ್ ಆಲ್ಬಮ್ಮಲ್ಲೂ ಬಂತು.

ಈ ಕೆಲಸಕ್ಕೆ ಬೆಲೆನೂ ತೆರಬೇಕಾಯ್ತು. 1960ರಲ್ಲಿ ಫ್ಲ್ಯಾನಗನ್ ಹೆಸರಲ್ಲಿ ಒಂದು ಟ್ರಯೋ ಆಲ್ಬಂ ಬಂತು. ಅದಾದ್ಮೇಲೆ ನಾಯಕರಾಗಿ ಮುಂದಿನ ಆಲ್ಬಂ ಮಾಡಿದ್ದು 1975ರಲ್ಲಿ, ಟೋಕಿಯೋದಲ್ಲಿ, ಅದೂ ಎಲಾ ತಂಡದ ಜೊತೆಗಾರರಾದ ಕೀಟರ್ ಬೆಟ್ಸ್ ಮತ್ತು ಬಾಬಿ ಡರಮ್ ಜೊತೆ. ಮಧ್ಯೆ 15 ವರ್ಷ ಸ್ವಂತ ಹೆಸರಲ್ಲಿ ಏನೂ ಇಲ್ಲ, ಅದೂ 30ರಿಂದ 45ರವರೆಗಿನ ವಯಸ್ಸಲ್ಲಿ, ಬೇರೆ ವಾದಕರು ಸಾಲು ಸಾಲು ಆಲ್ಬಂ ಮಾಡಿ ಹೆಸರು ಮಾಡ್ಕೊಳ್ಳೋ ಕಾಲದಲ್ಲಿ. ಎಲಾ ವರ್ಷದ ಬಹುಪಾಲು ಪ್ರವಾಸದಲ್ಲೇ ಇರೋರು, ಸಂಬಳ ನಿಶ್ಚಿತ, ಸ್ವಂತಕ್ಕೆ ಸಮಯ ಇಲ್ಲ. 1960ರ ದಶಕದಲ್ಲಿ ರಾಕ್ ಸಂಗೀತ ಬಂದು ಅಮೆರಿಕದಲ್ಲಿ ಜಾಝ್ ಕ್ಲಬ್ಬುಗಳ ವ್ಯಾಪಾರ ಬಿದ್ದುಹೋಗಿತ್ತು, ಎಷ್ಟೋ ವಾದಕರಿಗೆ ಕೆಲಸವೇ ಇರ್ಲಿಲ್ಲ, ಅದನ್ನ ನೋಡಿದ್ರೆ ಗಾಯಕಿ ಹಿಂದಿನ ಆ ಸ್ಟೂಲು ಒಂದು ಆಸರೆನೂ ಹೌದು.

48ನೇ ವಯಸ್ಸಲ್ಲಿ ಮುಂದಕ್ಕೆ

1978ರಲ್ಲಿ ಹಾರ್ಟ್ ಅಟ್ಯಾಕ್ ಆಯ್ತು. ಪ್ರವಾಸದ ಬದುಕು ಸಾಕು ಅಂತ ಎಲಾ ತಂಡ ಬಿಟ್ರು. ಆಗ ವಯಸ್ಸು 48. ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗೀಬೇಕು, ಇವರದ್ದು ಒಂಥರಾ ಇಲ್ಲಿಂದಲೇ ಶುರು. ಅದೇ ವರ್ಷ ಹ್ಯಾಂಕ್ ಜೋನ್ಸ್ ಜೊತೆ ಎರಡು ಪಿಯಾನೋಗಳ ಆಲ್ಬಂ ಅವರ್ ಡಿಲೈಟ್ಸ್ ಮಾಡಿದ್ರು, ಎಲಾ ಹಿಂದೆ ಕೂತ ಇಬ್ಬರೂ ಈಗ ಎದುರುಬದುರು. ಆಮೇಲೆ ಸ್ವಂತ ಟ್ರಯೋ, ಮೊದಲು ಬೇಸ್‌ಗೆ ಚೆಕ್ ದೇಶದ ಜಾರ್ಜ್ ಮ್ರಾಜ್, ಮುಂದೆ ಪೀಟರ್ ವಾಷಿಂಗ್ಟನ್, ಡ್ರಮ್ಸ್‌ಗೆ ಲೂಯಿಸ್ ನ್ಯಾಶ್.

1982ರಲ್ಲಿ ಕೋಲ್ಟ್ರೇನ್ ನೆನಪಿಗೆ ಒಂದು ಆಲ್ಬಂ ಮಾಡಿದ್ರು. ಕೋಲ್ಟ್ರೇನ್ ಆಗಲೇ 1967ರಲ್ಲಿ ತೀರಿಕೊಂಡಿದ್ರು. ಆಲ್ಬಮ್ಮಿನ ಹೆಸರೇ ಜೈಂಟ್ ಸ್ಟೆಪ್ಸ್, ಹಳೇ ಟ್ಯೂನನ್ನೂ ಅದರಲ್ಲಿ ನುಡಿಸಿದ್ರು, ಈ ಸಲ ಸ್ಯಾಕ್ಸೊಫೋನ್ ಇಲ್ಲ, ಜಾರ್ಜ್ ಮ್ರಾಜ್ ಮತ್ತು ಡ್ರಮ್ಸ್‌ಗೆ ಆಲ್ ಫಾಸ್ಟರ್ ಅಷ್ಟೇ. ಓಟ ಎಲ್ಲೂ ಕಡಿಯಲ್ಲ. 23 ವರ್ಷದ ಬಾಕಿ ತೀರಿಸಿದ್ರು ಅಂತ ಅಭಿಮಾನಿಗಳು ಹೇಳೋದುಂಟು, ಅವರು ಹಾಗೇ ಅಂದ್ಕೊಂಡು ಮಾಡಿದ್ರೋ ಇಲ್ವೋ, ಕೇಳೋರಿಗೆ ಮಾತ್ರ ಹಾಗೆ ಅನ್ನಿಸದೇ ಇರಲ್ಲ.

1980, 90ರ ದಶಕಗಳಲ್ಲಿ ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ನೆಲಮಾಳಿಗೆಯ ಕ್ಲಬ್ಬಲ್ಲಿ ಇವರ ಟ್ರಯೋ ಖಾಯಂ ಅತಿಥಿ. 1993ರಲ್ಲಿ ಡೆನ್ಮಾರ್ಕ್‌ನ ಜಾಝ್‌ಪಾರ್ ಪ್ರಶಸ್ತಿ, 1996ರಲ್ಲಿ ಅಮೆರಿಕ ಸರ್ಕಾರದ ಕಲಾ ಸಂಸ್ಥೆಯಿಂದ ಜಾಝ್ ಮಾಸ್ಟರ್ ಗೌರವ. 1997ರ ಮಾರ್ಚ್‌ನಲ್ಲಿ 67ನೇ ಹುಟ್ಟುಹಬ್ಬದ ಕಾರ್ಯಕ್ರಮ ಅದೇ ವ್ಯಾನ್‌ಗಾರ್ಡ್‌ನಲ್ಲಿ ರೆಕಾರ್ಡ್ ಆಗಿ ಸನ್‌ಸೆಟ್ ಅಂಡ್ ದಿ ಮಾಕಿಂಗ್‌ಬರ್ಡ್ ಅಂತ ಹೊರಬಂತು. 2001ರ ನವೆಂಬರ್ 16ರಂದು ಮ್ಯಾನ್‌ಹಟನ್‌ನಲ್ಲಿ ತೀರಿಕೊಂಡ್ರು, 71 ವರ್ಷ.

ಕೇಳೋದು ಎಲ್ಲಿಂದ ಶುರು ಮಾಡೋದು

ಜಾಝ್ ಹೊಸದಾಗಿದ್ರೆ ಮೊದಲು ಎಲಾ ಅವರ ಮಾಂಟ್ರೂ 77 ಹಾಕಿ, ಸ್ವಿಟ್ಜರ್ಲೆಂಡ್‌ನ ಲೈವ್ ಕಾರ್ಯಕ್ರಮ, ಹಿಂದೆ ಫ್ಲ್ಯಾನಗನ್ ಟ್ರಯೋ. ಸಾಧ್ಯ ಆದ್ರೆ ಹೆಡ್‌ಫೋನಲ್ಲಿ ಕೇಳಿ, ಫೋನ್ ಸ್ಪೀಕರಲ್ಲಿ ಪಿಯಾನೋದ ಅರ್ಧ ಕೆಲಸ ಕೇಳಿಸೋದೇ ಇಲ್ಲ. ಮೊದಲ ಸಲ ಎಲಾ ಕೇಳ್ಕೊಂಡು ಬಿಡಿ, ಹೇಗೂ ಅವರನ್ನ ಬಿಟ್ಟು ಬೇರೆ ಕಡೆ ಗಮನ ಹೋಗಲ್ಲ. ಎರಡನೇ ಸಲ ಒಂದು ನಿಧಾನದ ಹಾಡು ಆರಿಸ್ಕೊಂಡು ಸಾಲು ಮುಗಿಯೋ ಜಾಗಗಳನ್ನ ಮಾತ್ರ ಕೇಳಿ, ಅಲ್ಲಿ ಪಿಯಾನೋ ಏನು ಹೇಳಿ ಎಷ್ಟು ಬೇಗ ಜಾಗ ಖಾಲಿ ಮಾಡತ್ತೆ ಅಂತ.

ಅದು ಕಿವಿಗೆ ಹಿಡಿದ್ಮೇಲೆ ಸ್ಯಾಕ್ಸೊಫೋನ್ ಕೊಲೊಸಸ್‌ನ ಸೇಂಟ್ ಥಾಮಸ್. ಕೆರಿಬಿಯನ್ ದ್ವೀಪಗಳ ಕುಣಿತದ ಟ್ಯೂನು, ಮಕ್ಕಳಿಗೂ ಹಿಡಿಸತ್ತೆ. ಆಮೇಲೆ ಓವರ್‌ಸೀಸ್. ಅದರಲ್ಲಿ ಎಲ್ವಿನ್ ಜೋನ್ಸ್ ಕಡ್ಡಿಗಳನ್ನ ಬಿಟ್ಟು ತಂತಿ ಬ್ರಷ್‌ನಲ್ಲೇ ಡ್ರಮ್ಸ್ ನುಡಿಸ್ತಾರೆ, ಆದ್ರೂ ಪಿಯಾನೋ ಜೊತೆ ಜಿದ್ದಿಗೆ ಬಿದ್ದ ಹಾಗೆ ಓಡಿಸ್ತಾರೆ. ಜೈಂಟ್ ಸ್ಟೆಪ್ಸ್‌ನ ಎರಡೂ ರೆಕಾರ್ಡು, 1959ರದ್ದು ಮತ್ತೆ 1982ರದ್ದು, ಇದೆಲ್ಲ ಆದ್ಮೇಲೆ ಒಂದರ ಹಿಂದೊಂದು ಹಾಕ್ಕೊಳ್ಳಿ. ಗಿಟಾರ್ ಇಷ್ಟ ಪಡೋರಾದ್ರೆ 1960ರ ವೆಸ್ ಮಾಂಟ್ಗೊಮರಿ ಆಲ್ಬಂ ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್ ಕೂಡ ಇದೆ, ಗಿಟಾರಿಗೂ ಪಿಯಾನೋಗೂ ಎರಡಕ್ಕೂ ಕಾರ್ಡ್ ನುಡಿಸೋಕೆ ಬರೋದ್ರಿಂದ ಒಬ್ಬರ ಕಾಲು ಇನ್ನೊಬ್ಬರು ತುಳಿಯೋದು ತೀರಾ ಸುಲಭ, ಅದನ್ನ ಫ್ಲ್ಯಾನಗನ್ ಹೇಗೆ ತಪ್ಪಿಸ್ಕೊಂಡು ನುಡಿಸ್ತಾರೆ ಅಂತ ಫೋರ್ ಆನ್ ಸಿಕ್ಸ್‌ನಲ್ಲಿ ನೋಡಿ.